ಬಡಿಸುವವನ ಕೈ ಎಷ್ಟು ಚುರುಕು? ವೇಗದ ಎಲೆಕ್ಟ್ರಾನ್ ವರ್ಗಾವಣೆ ಅಳೆಯಲು ಸರಿಯಾದ ಹರಿವಿನ ಸೆಲ್ ಆರಿಸುವುದು

ಎಲೆಕ್ಟ್ರೋಡಿಗೂ ದ್ರಾವಣದಲ್ಲಿರುವ ವಸ್ತುವಿಗೂ ನಡುವೆ ಎಲೆಕ್ಟ್ರಾನ್ ಎಷ್ಟು ಬೇಗ ದಾಟುತ್ತದೆ ಅಂತ ದ್ರಾವಣ ಹರಿಸಿ ಅಳೆಯಲು ತಿರುಗುವ ಡಿಸ್ಕ್ ಸಾಕಾ, ಚಾನಲ್ ಸೆಲ್ ಬೇಕಾ, ಇಲ್ಲಾ ಸೀದಾ ಮೈಕ್ರೋಜೆಟ್‌ಗೇ ಹೋಗಬೇಕಾ? ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬಿಗೆ ಹೊಸದಾಗಿ ಬಂದವರು ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ಉತ್ತರ ಹೇಳುವ ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ. ನಿಮ್ಮ ಕ್ರಿಯೆ ಅಂದಾಜು ಎಷ್ಟು ವೇಗದ್ದು? ಹೆಚ್ಚಿನವರು "ತುಂಬಾ ಫಾಸ್ಟ್ ಸಾರ್" ಅನ್ನುತ್ತಾರೆ. ಅಷ್ಟು ಸಾಲದು. ಒಂದು ಸಂಖ್ಯೆ ಬೇಕು. ತಪ್ಪಾಗಿದ್ದರೂ ಪರವಾಗಿಲ್ಲ, ಹತ್ತು ಪಟ್ಟು ಆಚೀಚೆ ಇದ್ದರೂ ನಡೆಯುತ್ತದೆ.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಕೂತವರಲ್ಲಿ ಯಾರು ಎಷ್ಟು ಬೇಗ ಉಣ್ಣುತ್ತಾರೆ ಅಂತ ನೀವು ಅಳೆಯಬೇಕು. ಬಡಿಸುವವನು ಹತ್ತು ನಿಮಿಷಕ್ಕೊಮ್ಮೆ ಬಂದು ಒಂದು ಸೌಟು ಅನ್ನ ಹಾಕಿ ಹೋದರೆ ಎಲ್ಲರ ಎಲೆಯೂ ಖಾಲಿಯೇ ಇರುತ್ತದೆ. ಗಬಗಬ ಉಣ್ಣುವವನಿಗೂ ಸಾವಕಾಶ ಉಣ್ಣುವವನಿಗೂ ವ್ಯತ್ಯಾಸ ಕಾಣುವುದಿಲ್ಲ. ಬಡಿಸುವ ಕೈ ಚುರುಕಾದ ಹಾಗೆ ಮೊದಲು ನಿಧಾನಸ್ಥನ ಎಲೆಯಲ್ಲಿ ಅನ್ನ ಉಳಿಯತೊಡಗುತ್ತದೆ. ಆಗ ಅವನ ವೇಗ ಗೊತ್ತಾಗುತ್ತದೆ. ಚುರುಕಿನವನ ವೇಗ ಗೊತ್ತಾಗಬೇಕಾದರೆ ಬಡಿಸುವವನು ಓಡಬೇಕು.

ಇಲ್ಲಿ ಉಣ್ಣುವುದು ಎಲೆಕ್ಟ್ರೋಡ್, ಬಡಿಸುವುದು ದ್ರಾವಣ. ಉಣ್ಣುವ ವೇಗವನ್ನು ಲ್ಯಾಬಿನಲ್ಲಿ ಕೆ-ನಾಟ್ ಅನ್ನುತ್ತೇವೆ. ಬಡಿಸುವ ವೇಗಕ್ಕೆ ಸಾಗಣೆ ಗುಣಾಂಕ ಅಂತ ಹೆಸರು. ಈ ಬರಹದಲ್ಲಿ ಸುಮ್ನೆ ಎಂ ಅಂತ ಕರೆಯುತ್ತೇನೆ. ಎರಡರ ಅಳತೆಯೂ ಒಂದೇ, ಸೆಂಟಿಮೀಟರ್ ಪ್ರತಿ ಸೆಕೆಂಡಿಗೆ. ಹಾಗಾಗಿ ನೇರವಾಗಿ ಪಕ್ಕಪಕ್ಕ ಇಟ್ಟು ನೋಡಬಹುದು.

ಕೆ-ನಾಟ್ ಅಂದಾಜಿಗೆ ಕೆಲವು ಗುರುತುಗಳು. ಪ್ಲಾಟಿನಂ ಮೇಲೆ ಆಮ್ಲದಲ್ಲಿರುವ ಕಬ್ಬಿಣದ ಅಯಾನಿನ ಜೋಡಿ (ಎಲೆಕ್ಟ್ರಾನ್ ಪಡೆದ ಮತ್ತು ಕಳೆದುಕೊಂಡ ಎರಡು ರೂಪಗಳು) ಸಾವಿರದಲ್ಲಿ ಕೆಲವು ಭಾಗದಷ್ಟು. ಫೆರಿಸಯನೈಡ್–ಫೆರೋಸಯನೈಡ್ ಜೋಡಿ ಎಲೆಕ್ಟ್ರೋಡ್ ಮತ್ತು ಉಪ್ಪು (ವಿದ್ಯುತ್ ಹರಿಯಲೆಂದು ದ್ರಾವಣಕ್ಕೆ ಹಾಕುವುದು) ನೋಡಿಕೊಂಡು 0.01ರಿಂದ 0.1ರ ಆಸುಪಾಸಿನಲ್ಲಿ ಓಡಾಡುತ್ತದೆ. ಅಸಿಟೋನೈಟ್ರೈಲ್‌ನಲ್ಲಿ ಫೆರೋಸೀನ್, ನೀರಿನಲ್ಲಿ ರುಥೇನಿಯಂ ಹೆಕ್ಸಾಅಮೀನ್ ಇವೆರಡೂ 1 ಅಥವಾ ಅದಕ್ಕೂ ಮೇಲೆ. ನಿಮ್ಮ ವಸ್ತು ಇವುಗಳಲ್ಲಿ ಯಾವುದರ ನೆಂಟ ಅಂತ ನೋಡಿಕೊಳ್ಳಿ.

ಎಷ್ಟು ಮಿಲಿವೋಲ್ಟ್ ಸಿಗುತ್ತದೆ?

ಸಾಧನ ಆರಿಸುವ ಮೊದಲು ಮಾಡಬೇಕಾದ ಲೆಕ್ಕ ಇದೊಂದೇ. ಒಂದು ಎಲೆಕ್ಟ್ರಾನಿನ ಕ್ರಿಯೆ, 25 ಡಿಗ್ರಿ, ಆಲ್ಫಾ (ಹಾಕಿದ ವೋಲ್ಟೇಜಿನಲ್ಲಿ ಮುಮ್ಮುಖ ಕ್ರಿಯೆಗೆ ಸಿಗುವ ಪಾಲು) ಅರ್ಧ, ಎಲೆಕ್ಟ್ರೋಡಿನ ಎಲ್ಲ ಭಾಗಕ್ಕೂ ಸಮನಾದ ಸಾಗಣೆ ಅಂದುಕೊಳ್ಳಿ. ಹರಿವಿನಲ್ಲಿ ವೋಲ್ಟೇಜನ್ನು ನಿಧಾನವಾಗಿ ಬದಲಿಸುತ್ತಾ ಕರೆಂಟು ಅಳೆದರೆ, ಅಂದರೆ ಸ್ಕ್ಯಾನ್ ಮಾಡಿದರೆ, ಇಂಗ್ಲಿಷಿನ ಎಸ್ ಆಕಾರದ ಗೆರೆ ಬರುತ್ತದೆ. ಕ್ರಿಯೆ ಎಷ್ಟು ನಿಧಾನವೋ ಅದರ ನಡುಬಿಂದು ಅಷ್ಟು ಸರಿಯುತ್ತದೆ.

ಕೆ-ನಾಟ್ ಎಂ-ನ ಹತ್ತರಲ್ಲಿ ಒಂದು ಭಾಗವಾಗಿದ್ದರೆ ನಡುಬಿಂದು ಸುಮಾರು 119 ಮಿಲಿವೋಲ್ಟ್ ಸರಿಯುತ್ತದೆ. ಕಣ್ಣು ಮುಚ್ಚಿಕೊಂಡು ಅಳೆಯಬಹುದು. ಎರಡೂ ಸಮವಾಗಿದ್ದರೆ 25 ಮಿಲಿವೋಲ್ಟ್, ಆರಾಮ. ಕೆ-ನಾಟ್ ಹತ್ತು ಪಟ್ಟು ದೊಡ್ಡದಾದರೆ ಬರೀ 2.5 ಮಿಲಿವೋಲ್ಟ್. ನಿಮ್ಮ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಅಳೆಯಲು ಆಧಾರವಾಗಿ ಇಡುವುದು) ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅಷ್ಟು ಅಲುಗಾಡಿರುತ್ತದೆ.

ರೆಫರೆನ್ಸಿನ ಅಲುಗಾಟ ತಪ್ಪಿಸಲು ಒಂದು ಉಪಾಯ ಇದೆ. ನಡುಬಿಂದುವಿನ ಜಾಗ ನೋಡಬೇಡಿ, ಗೆರೆಯ ಅಗಲ ನೋಡಿ. ಕರೆಂಟು ತನ್ನ ಮಿತಿಯ, ಅಂದರೆ ಗೆರೆಯ ಮೇಲಿನ ಸಮತಟ್ಟಿನ, ಕಾಲು ಭಾಗ ಮುಟ್ಟುವ ಬಿಂದುವಿನಿಂದ ಮುಕ್ಕಾಲು ಭಾಗ ಮುಟ್ಟುವ ಬಿಂದುವಿನ ತನಕ ಎಷ್ಟು ಮಿಲಿವೋಲ್ಟ್? ಕ್ರಿಯೆ ಅಳತೆಗೇ ಸಿಗದಷ್ಟು ವೇಗವಾಗಿದ್ದರೆ 56.4. ಕೆ-ನಾಟ್ ಎಂ-ನ ಹತ್ತು ಪಟ್ಟಿದ್ದರೆ 59.4. ಸಮವಾಗಿದ್ದರೆ 82. ಒಂದೇ ಸ್ಕ್ಯಾನಿನ ಎರಡು ಬಿಂದುಗಳ ನಡುವಿನ ಅಂತರ ಇದು, ಹಾಗಾಗಿ ರೆಫರೆನ್ಸ್ ಬೆಳಗ್ಗೆಯಿಂದ ಎಷ್ಟು ಸರಿದಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಈ ಸಂಖ್ಯೆಗಳನ್ನು ಇಟ್ಟುಕೊಂಡು ನಾನು ಪಾಲಿಸುವ ನಿಯಮ: ಕೆ-ನಾಟ್ ನಿಮ್ಮ ಸಾಧನ ಕೊಡುವ ಅತಿ ದೊಡ್ಡ ಎಂ-ನ ಐದು ಪಟ್ಟಿನೊಳಗೆ ಇರಬೇಕು. ಹತ್ತು ಪಟ್ಟಾದರೆ ಕೈ ನಡುಗುತ್ತದೆ. ಅದರಾಚೆಗೆ ಬರುವ ಸಂಖ್ಯೆಯನ್ನು "ಇದಕ್ಕಿಂತ ಜಾಸ್ತಿ" ಅಂತಷ್ಟೇ ಬರೆಯಬೇಕು.

ಹರಿವೇ ಯಾಕೆ?

ಹರಿವು ಇಲ್ಲದೆಯೂ ಎಂ ಹೆಚ್ಚಿಸಬಹುದಲ್ಲ ಅಂತ ಕೇಳಬಹುದು. ಹೌದು, ಎಲೆಕ್ಟ್ರೋಡನ್ನು ಚಿಕ್ಕದು ಮಾಡಿದರೆ ಸಾಕು. 25 ಮೈಕ್ರಾನ್ ವ್ಯಾಸದ ಡಿಸ್ಕಿಗೆ ನಿಂತ ನೀರಿನಲ್ಲಿಯೇ ಎಂ ಸುಮಾರು 0.01 ಬರುತ್ತದೆ. ತ್ರಿಜ್ಯ ಕಾಲು ಮೈಕ್ರಾನಿಗೆ ಇಳಿದರೆ 0.5. ನ್ಯಾನೋಮೀಟರಿಗೆ ಇಳಿದರೆ ಹತ್ತಾರು.

ಆದರೆ ಅಷ್ಟು ಚಿಕ್ಕ ಎಲೆಕ್ಟ್ರೋಡಿನ ಆಕಾರ ನಿಜಕ್ಕೂ ಏನು ಅಂತ ಹೇಳುವವರು ಯಾರು? 1990ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ನ್ಯಾನೋ ಎಲೆಕ್ಟ್ರೋಡ್ ಕೆಲಸವೊಂದು ಫೆರೋಸೀನಿಗೆ 220 ಸೆಂ.ಮೀ./ಸೆ. ಅನ್ನುವ ಕೆ-ನಾಟ್ ಕೊಟ್ಟಿತು. ಜೊತೆಗೆ 120ರ ಅನಿಶ್ಚಿತತೆಯನ್ನೂ ಪ್ರಾಮಾಣಿಕವಾಗಿ ಬರೆದಿದ್ದರು. ಆಮೇಲೆ ಬೇರೆಯವರು ಒಂದು ತೊಡಕು ತೋರಿಸಿದರು. ಲೋಹ ಗಾಜಿನ ಅಂಚಿಗಿಂತ ಸ್ವಲ್ಪ ಒಳಗೆ ಕೂತು, ಮೇಲೆ ಸಣ್ಣ ತೂತು ಮಾತ್ರ ಉಳಿದಿದ್ದರೆ ಎಲೆಕ್ಟ್ರೋಡು ಇರುವುದಕ್ಕಿಂತ ತುಂಬಾ ಚಿಕ್ಕದಾಗಿ ಕಾಣುತ್ತದೆ. ಆಗ ಕೆ-ನಾಟ್ ಬೇಕಾಬಿಟ್ಟಿ ಉಬ್ಬುತ್ತದೆ. ನಂತರದ ಅಳತೆಗಳು ಹತ್ತರ ಆಸುಪಾಸಿಗೆ ಇಳಿದವು.

ಈ ಕಥೆ ಹೇಳಿದ್ದು ನ್ಯಾನೋದವರನ್ನು ಆಡಿಕೊಳ್ಳಲು ಅಲ್ಲ. ಅವರ ಎಲೆಕ್ಟ್ರೋಡಿನಲ್ಲಿ ತಿರುಗಿಸುವ ಗುಂಡಿ ಇಲ್ಲ. ಒಂದು ಎಲೆಕ್ಟ್ರೋಡು, ಒಂದು ಎಂ. ಬೇರೆ ಎಂ ಬೇಕಾದರೆ ಬೇರೆ ಎಲೆಕ್ಟ್ರೋಡ್ ಮಾಡಬೇಕು, ಅದರ ಮೇಲ್ಮೈ ಬೇರೆ, ಅದರ ಕೊಳೆ ಬೇರೆ. ಹರಿವಿನಲ್ಲಿ ಗುಂಡಿ ನಿಮ್ಮ ಕೈಯಲ್ಲಿದೆ. ಅದೇ ಎಲೆಕ್ಟ್ರೋಡ್, ಅದೇ ದ್ರಾವಣ, ಐದು ಬೇರೆ ಬೇರೆ ವೇಗ. ಐದರಲ್ಲೂ ಕೆ-ನಾಟ್ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಯಂತ್ರವೇ ಹೇಳುತ್ತದೆ. ಹಾಗಾಗಿ ಹರಿವಿನ ಸೆಲ್‌ಗಳನ್ನು ಹೋಲಿಸುವಾಗ ಎಂ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಗುಂಡಿ ಎಷ್ಟು ದೂರ ತಿರುಗುತ್ತದೆ ಅಂತಲೂ ನೋಡುತ್ತೇನೆ.

ಸಿವಿಯಲ್ಲಿ (ಸೈಕ್ಲಿಕ್ ವೋಲ್ಟಾಮೆಟ್ರಿ, ನಿಂತ ದ್ರಾವಣದಲ್ಲಿ ವೋಲ್ಟೇಜನ್ನು ಹಿಂದೆಮುಂದೆ ಓಡಿಸುವ ವಿಧಾನ) ಸ್ಕ್ಯಾನ್ ವೇಗವೂ ಒಂದು ಗುಂಡಿಯೇ ಅಲ್ವಾ? ಒಪ್ಪಿದೆ. ಆದರೆ ಲೆಕ್ಕ ನೋಡಿ. ನಿಕೋಲ್ಸನ್ 1965ರಲ್ಲಿ ಕೊಟ್ಟ ವಿಧಾನದಲ್ಲಿ ಎರಡು ಶಿಖರಗಳ ಅಂತರ 84 ಮಿಲಿವೋಲ್ಟ್ ಆದಾಗ ಅಳತೆ ಆರಾಮವಾಗಿರುತ್ತದೆ. ಕೆ-ನಾಟ್ 0.01 ಇದ್ದರೆ ಅಷ್ಟಕ್ಕೆ ಸೆಕೆಂಡಿಗೆ 80 ಮಿಲಿವೋಲ್ಟ್ ಸಾಕು, ಯಾವ ಪೊಟೆನ್ಷಿಯೊಸ್ಟಾಟಾದರೂ (ವೋಲ್ಟೇಜ್ ಹಾಕಿ ಕರೆಂಟು ಅಳೆಯುವ ಯಂತ್ರ) ಮಾಡುತ್ತದೆ. ಕೆ-ನಾಟ್ 1 ಇದ್ದರೆ ಸೆಕೆಂಡಿಗೆ ಸುಮಾರು 800 ವೋಲ್ಟ್ ಬೇಕು. ಆ ವೇಗದಲ್ಲಿ ಎಲೆಕ್ಟ್ರೋಡಿನ ಮೇಲ್ಮೈ ಚಾರ್ಜಾಗುವ ಕರೆಂಟೇ ಗದ್ದಲ ಎಬ್ಬಿಸುತ್ತದೆ. ನಿಮ್ಮ ಸಿಗ್ನಲ್ ಅದರಡಿ ಮುಚ್ಚಿಹೋಗುತ್ತದೆ. ಹರಿವಿನಲ್ಲಿ ಸ್ಕ್ಯಾನ್ ಸೆಕೆಂಡಿಗೆ 10–20 ಮಿಲಿವೋಲ್ಟ್ ಇರುತ್ತದೆ, ಆ ಗದ್ದಲ ಹೆಚ್ಚುಕಮ್ಮಿ ಇರುವುದಿಲ್ಲ.

ತಿರುಗುವ ಡಿಸ್ಕ್

ಮಜ್ಜಿಗೆ ಕಡೆಯುವ ಕಡಗೋಲಿನ ತಮ್ಮ ಇದು. ಡಿಸ್ಕ್ ತಿರುಗಿದಾಗ ದ್ರಾವಣ ಕೆಳಗಿನಿಂದ ಮೇಲೆ ಬಂದು ಬದಿಗೆ ಚಿಮ್ಮುತ್ತದೆ. ಸೋವಿಯತ್ ವಿಜ್ಞಾನಿ ವೆನಿಯಾಮಿನ್ ಲೆವಿಚ್ 1942ರಲ್ಲಿ ಇದರ ಲೆಕ್ಕ ಬಿಡಿಸಿದರು. ಅದರ ಸೊಗಸು ಏನೆಂದರೆ ಡಿಸ್ಕಿನ ನಡುವಿಗೂ ಅಂಚಿಗೂ ಸಾಗಣೆ ಒಂದೇ. ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸಿದ ಹಾಗೆ. ಹಾಗಾಗಿ ಮೇಲೆ ಹೇಳಿದ ಮಿಲಿವೋಲ್ಟ್ ಸಂಖ್ಯೆಗಳು ನೇರವಾಗಿ ಅನ್ವಯಿಸುತ್ತವೆ. ಕಂಪ್ಯೂಟರ್ ಸಿಮ್ಯುಲೇಷನ್ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು.

ಮಿತಿ ಎಲ್ಲಿ? ನೀರಿನ ದ್ರಾವಣದಲ್ಲಿ 1600 ಆರ್‌ಪಿಎಂಗೆ ಎಂ ಸುಮಾರು 0.008. 10,000 ಆರ್‌ಪಿಎಂಗೆ 0.02. ವೇಗದ ವರ್ಗಮೂಲಕ್ಕೆ ತಕ್ಕ ಹಾಗೆ ಏರುವುದರಿಂದ ಎಂ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಜೋರಾಗಿ ತಿರುಗಿಸಬೇಕು. 400ರಿಂದ 10,000ದ ತನಕ ಹೋದರೆ ಗುಂಡಿ ಐದು ಪಟ್ಟು ತಿರುಗಿದ ಲೆಕ್ಕ. 10,000ದಾಚೆಗೆ ಶಾಫ್ಟ್ ನಡುಗುತ್ತದೆ, ಸುಳಿಯೊಳಗೆ ಗಾಳಿ ಎಳೆದುಕೊಳ್ಳುತ್ತದೆ. ಅಂದರೆ ಡಿಸ್ಕಿನಲ್ಲಿ 0.1ರ ತನಕ ನಂಬಿಕೆ ಇಡಬಹುದು. ಅದೂ ಕೈಪಳಗಿದವರಿಗೆ.

ಈ ಡಿಸ್ಕಿನ ದೊಡ್ಡ ಶತ್ರು ಅದರ ಸೈಜೇ. 5 ಮಿ.ಮೀ. ವ್ಯಾಸದ ಡಿಸ್ಕ್, 1 ಮಿಲಿಮೋಲಾರ್ ದ್ರಾವಣ, 10,000 ಆರ್‌ಪಿಎಂ ಇದ್ದರೆ ಕರೆಂಟು 0.38 ಮಿಲಿಆಂಪ್. 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಡಿಸ್ಕಿನ ಮುಂದಿನ ದ್ರಾವಣದ ರೋಧ ಸುಮಾರು 9 ಓಮ್. ಆ ರೋಧದಲ್ಲಿ ಕಳೆದುಹೋಗುವ ವೋಲ್ಟೇಜು, ಅಂದರೆ ಐಆರ್ ನಷ್ಟ, 3.4 ಮಿಲಿವೋಲ್ಟ್. ಅದೇ ಉಪ್ಪು 0.1 ಮೋಲಾರ್ ಇದ್ದರೆ ನಷ್ಟ ಸುಮಾರು 30 ಮಿಲಿವೋಲ್ಟ್. ನೀವು ಹುಡುಕುತ್ತಿರುವುದು 2.5ರಿಂದ 25 ಮಿಲಿವೋಲ್ಟಿನ ಸರಿತ, ನೆನಪಿದೆಯಲ್ಲ? ಐಆರ್ ನಷ್ಟವೂ ಗೆರೆಯನ್ನು ಅಗಲ ಮಾಡುತ್ತದೆ. ನಿಧಾನದ ಕ್ರಿಯೆಯ ವೇಷ ಹಾಕಿಕೊಂಡು ಬರುತ್ತದೆ.

ನಾನು ಇದರಲ್ಲಿ ಸರಿಯಾಗಿ ಬಿದ್ದಿದ್ದೇನೆ. ಅಸಿಟೋನೈಟ್ರೈಲ್‌ನಲ್ಲಿ 1 ಮಿಲಿಮೋಲಾರ್ ಫೆರೋಸೀನ್ ಹಾಕಿ, ಡಿಸ್ಕ್ ತಿರುಗಿಸಿ, ಕೆ-ನಾಟ್ 0.03 ಅಂತ ಬರೆದು ಖುಷಿಯಾಗಿದ್ದೆ. ಮೂರು ಸಲ ಮಾಡಿದರೂ ಅದೇ ಬಂತು, ಹಾಗಾಗಿ ಸರಿ ಇರಲೇಬೇಕು ಅಂದುಕೊಂಡೆ. ನಮ್ಮ ಸೀನಿಯರ್ ಅಕ್ಕ ಒಬ್ಬರು ಗ್ರಾಫ್ ನೋಡಿ, "ಫೆರೋಸೀನ್ ಅರ್ಧ ಮಾಡಿ ನೋಡು" ಅಂದರು, ಅಷ್ಟೇ. ಅರ್ಧ ಮಾಡಿದೆ. ಕೆ-ನಾಟ್ 0.06 ಆಯಿತು. ವೇಗದ ಸ್ಥಿರಾಂಕಕ್ಕೆ ಸಾಂದ್ರತೆಯ ಹಂಗಿಲ್ಲ. ಐಆರ್ ನಷ್ಟಕ್ಕೆ ಇದೆ. ಆ ಮಧ್ಯಾಹ್ನ ನಾನು ಅಳೆದಿದ್ದು ಫೆರೋಸೀನನ್ನಲ್ಲ, ನನ್ನ ಸೆಲ್ಲಿನ ರೋಧವನ್ನು. ಈಗ ಯಾವ ವಿಧಾನವಾದರೂ ಸಾಂದ್ರತೆ ಅರ್ಧ ಮಾಡುವ ಪರೀಕ್ಷೆ ಮಾಡದೆ ಸಂಖ್ಯೆ ಬರೆಯುವುದಿಲ್ಲ.

ಇನ್ನೊಂದು ಮಾತು. ಆಮ್ಲಜನಕದ ಕ್ರಿಯೆಗೆ ಮಾಡುವ ಹಾಗೆ ಕೌಟೆಟ್ಸ್ಕಿ–ಲೆವಿಚ್ ಗ್ರಾಫನ್ನು (ತಿರುಗುವ ವೇಗದ ವರ್ಗಮೂಲದ ವಿಲೋಮಕ್ಕೆ ಕರೆಂಟಿನ ವಿಲೋಮ) ವೇಗದ ಜೋಡಿಗೂ ಮಿತಿ ಕರೆಂಟಿನ ಸಮತಟ್ಟಿನಲ್ಲಿ ಹಾಕುವವರಿದ್ದಾರೆ. ಸಮತಟ್ಟಿನಲ್ಲಿ ಉಣ್ಣುವವನ ಸುದ್ದಿಯೇ ಇಲ್ಲ, ಬರೀ ಬಡಿಸುವವನದ್ದು. ಗೆರೆ ಸೊನ್ನೆಯ ಮೂಲಕ ಹಾಯುತ್ತದೆ, ಅಷ್ಟೇ. ವೇಗದ ಮಾಹಿತಿ ಇರುವುದು ಏರುವ ಭಾಗದಲ್ಲಿ. ಅಲ್ಲಿ ಹಿಮ್ಮುಖ ಕ್ರಿಯೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಚಾನಲ್ ಸೆಲ್

ನನಗೆ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಕಂಡರೆ ಕ್ಷಮಿಸಿ. ಚಪ್ಪಟೆಯಾದ ಕಾಲುವೆ, ಅದರ ನೆಲದಲ್ಲಿ ಲೋಹದ ಒಂದು ತೆಳು ಪಟ್ಟಿ. ದ್ರಾವಣ ಪಟ್ಟಿಯ ಮೇಲೆ ಹಾದುಹೋಗುತ್ತದೆ. ಇಲ್ಲಿ ಎಂ ಹರಿವಿನ ಘನಮೂಲಕ್ಕೆ ತಕ್ಕ ಹಾಗೆ ಏರುತ್ತದೆ. ಹರಿವು ಎಂಟು ಪಟ್ಟಾದರೆ ಎಂ ಎರಡು ಪಟ್ಟು. ಕೇಳಿದರೆ ಜಿಪುಣ ಅನ್ನಿಸುತ್ತದೆ. ಆದರೆ ಕೈಗೆ ಬೇರೆ ಎರಡು ಹಿಡಿಕೆ ಸಿಗುತ್ತವೆ: ಕಾಲುವೆಯ ಆಳ ಮತ್ತು ಹರಿವಿನ ದಿಕ್ಕಿನಲ್ಲಿ ಪಟ್ಟಿಯ ಉದ್ದ. ಎರಡೂ ಕಮ್ಮಿಯಾದಷ್ಟೂ ಎಂ ಜಾಸ್ತಿ.

100 ಮೈಕ್ರಾನ್ ಆಳ, 2 ಮಿ.ಮೀ. ಅಗಲದ ಕಾಲುವೆ, 10 ಮೈಕ್ರಾನ್ ಉದ್ದದ ಪಟ್ಟಿ ತೆಗೆದುಕೊಳ್ಳಿ. ನಿಮಿಷಕ್ಕೆ 1 ಮಿ.ಲೀ. ನೀರು ಹರಿದರೆ ಎಂ ಸುಮಾರು 0.06. ಡಿಸ್ಕಿನ ಗರಿಷ್ಠಕ್ಕಿಂತ ಆಗಲೇ ಮೂರು ಪಟ್ಟು. ಹರಿವನ್ನು ಸೆಕೆಂಡಿಗೆ 1 ಮಿ.ಲೀ. ಮಾಡಿ, ಎಂ 0.25 ಆಗುತ್ತದೆ. ಆಗ ದ್ರಾವಣದ ಸರಾಸರಿ ಓಟ ಸೆಕೆಂಡಿಗೆ 5 ಮೀಟರ್, ಆದರೂ ಹರಿವು ಇನ್ನೂ ಶಿಸ್ತಿನ ಲ್ಯಾಮಿನಾರ್, ಅಂದರೆ ಸುಳಿಯಿಲ್ಲದೆ ಪದರಪದರವಾಗಿ. 1990ರ ದಶಕದ ನಡುವಿನಲ್ಲಿ ಆಕ್ಸ್‌ಫರ್ಡಿನ ರಿಚರ್ಡ್ ಕಾಂಪ್ಟನ್ ಅವರ ತಂಡ ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದು, ಒತ್ತಡ ಹಾಕಿದ ಹೈಸ್ಪೀಡ್ ಚಾನಲ್‌ನಲ್ಲಿ ಸೆಕೆಂಡಿಗೆ ಹತ್ತು ಮೀಟರಿಗೂ ಮಿಕ್ಕಿದ ಓಟದಲ್ಲಿ ಅಳತೆ ಮಾಡಿತು. ಕೆ-ನಾಟ್ 1ರ ಸುತ್ತಮುತ್ತಲಿನ ಕ್ರಿಯೆಗಳು ಹೀಗೆ ಕೈಗೆ ಬಂದವು.

ಆದರೆ ಇಲ್ಲಿ ಬಡಿಸುವುದರಲ್ಲಿ ಸಮಾನತೆ ಇಲ್ಲ. ಪಟ್ಟಿಯ ಮುಂಚೂಣಿಯ ಅಂಚಿಗೆ ತಾಜಾ ದ್ರಾವಣ, ಹಿಂದಿನ ಅಂಚಿಗೆ ಉಂಡು ಬಿಟ್ಟದ್ದು. ಮೊದಲು ಕೂತವರಿಗೆ ಹೋಳಿಗೆ, ಕೊನೆಯವರಿಗೆ ತಿಳಿಸಾರು. ಹಾಗಾಗಿ ಡಿಸ್ಕಿನ ಸರಳ ಸೂತ್ರ ಇಲ್ಲಿ ಅಂದಾಜಿಗೆ ಮಾತ್ರ. ಸರಿಯಾದ ಸಂಖ್ಯೆಗೆ ಸಿಮ್ಯುಲೇಷನ್ ಬೇಕು. ಹೆದರಬೇಡಿ, ಎರಡು ಆಯಾಮದ ಸಣ್ಣ ಲೆಕ್ಕ, ಪೈಥಾನ್ ಗೊತ್ತಿರುವ ವಿದ್ಯಾರ್ಥಿ ವಾರದಲ್ಲಿ ಬರೆದುಕೊಳ್ಳಬಹುದು.

ಕಟ್ಟುವಾಗ ತೊಂದರೆ ಕೊಡುವುದು ಬೇರೆಯೇ. ಮೊದಲನೆಯದು ಗ್ಯಾಸ್ಕೆಟ್. ಸಿಲಿಕೋನ್ ಹಾಳೆ ಕತ್ತರಿಸಿ ಕಾಲುವೆ ಮಾಡಿದರೆ ಸ್ಕ್ರೂ ಬಿಗಿದಷ್ಟೂ ಆಳ ಕಮ್ಮಿಯಾಗುತ್ತದೆ. ನಿನ್ನೆಯ ಸೆಲ್ಲೇ ಬೇರೆ, ಇವತ್ತಿನದೇ ಬೇರೆ. ಆಳದಲ್ಲಿ ಶೇ. 10 ತಪ್ಪಾದರೆ ಎಂ-ನಲ್ಲಿ ಶೇ. 7ರಷ್ಟು ತಪ್ಪು. ಗಟ್ಟಿ ಹಾಳೆಯಲ್ಲಿ ಕೊರೆಸಿದ ಕಾಲುವೆ ವಾಸಿ. ಅದಕ್ಕಿಂತ ಮುಖ್ಯ, ಎಂ-ಗಾಗಿ ಸ್ಕೇಲನ್ನು ನಂಬಬೇಡಿ. ಹರಿವಿನ ಘನಮೂಲಕ್ಕೆ ಮಿತಿ ಕರೆಂಟಿನ ಗೆರೆ ಎಳೆದು, ಅದರ ಇಳಿಜಾರಿನಿಂದ ತೆಗೆಯಿರಿ. ಗೆರೆ ನೇರವಾಗಿಲ್ಲದಿದ್ದರೆ ಮುಂದೆ ಹೋಗಲೇಬೇಡಿ.

ಎರಡನೆಯದು ಗಾಳಿಗುಳ್ಳೆ. 100 ಮೈಕ್ರಾನ್ ಕಾಲುವೆಯಲ್ಲಿ ಒಂದು ಗುಳ್ಳೆ ಪಟ್ಟಿಯ ಮೇಲೆ ಕೂತರೆ ಮುಗಿಯಿತು. ಸೆಲ್ಲನ್ನು ಸ್ವಲ್ಪ ಓರೆಯಾಗಿ, ದ್ರಾವಣ ಹೊರಹೋಗುವ ಬಾಯಿ ಮೇಲೆ ಬರುವ ಹಾಗೆ ನಿಲ್ಲಿಸಿ. ಮೊದಲು ಆಲ್ಕೋಹಾಲ್ ಹಾಯಿಸಿ ಒದ್ದೆ ಮಾಡಿಕೊಂಡು ಆಮೇಲೆ ದ್ರಾವಣ ಬಿಡಿ.

ಮೂರನೆಯದು ಎಲೆಕ್ಟ್ರೋಡುಗಳ ಜಾಗ. ಪಟ್ಟಿಯ ಕರೆಂಟು ಬರೀ 2–3 ಮೈಕ್ರೋಆಂಪ್, ಐಆರ್ ಚಿಂತೆ ಇಲ್ಲ ಅಂದುಕೊಳ್ಳುತ್ತೀರಿ. ಆದರೆ ಈ ಕಾಲುವೆ ಎಷ್ಟು ಸಪೂರ ಅಂದರೆ 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದರೂ ಒಂದು ಸೆಂಟಿಮೀಟರಿಗೆ ನಾಲ್ಕೂವರೆ ಸಾವಿರ ಓಮ್ ಇರುತ್ತದೆ. ಕರೆಂಟು ಹಾಯುವ ದಾರಿಯಲ್ಲಿ ರೆಫರೆನ್ಸ್ ಇಟ್ಟರೆ ಹತ್ತು ಮಿಲಿವೋಲ್ಟ್ ಹೋಯಿತು. ಉಪ್ಪು 0.1 ಮೋಲಾರ್ ಇದ್ದರೆ ತೊಂಬತ್ತು. ರೆಫರೆನ್ಸ್ ಹರಿವಿನ ಮೇಲ್ಭಾಗದಲ್ಲಿರಲಿ, ಕೌಂಟರ್ (ಕರೆಂಟಿನ ಸುತ್ತು ಪೂರ್ತಿ ಮಾಡುವ ಇನ್ನೊಂದು ಎಲೆಕ್ಟ್ರೋಡು) ಕೆಳಭಾಗದಲ್ಲಿರಲಿ. ಆಗ ರೆಫರೆನ್ಸ್ ಮತ್ತು ಪಟ್ಟಿಯ ನಡುವಿನ ಕಾಲುವೆಯಲ್ಲಿ ಕರೆಂಟೇ ಹರಿಯುವುದಿಲ್ಲ. ಕೌಂಟರಿನಲ್ಲಿ ಹುಟ್ಟುವ ಕಸವೂ ಪಟ್ಟಿಗೆ ತಾಗದೆ ಹೊರಗೆ ಹೋಗುತ್ತದೆ.

ಪಂಪು? ಪೆರಿಸ್ಟಾಲ್ಟಿಕ್ ಪಂಪಿನ ಮಿಡಿತ ಕರೆಂಟಿನಲ್ಲಿ ಅಲೆಅಲೆಯಾಗಿ ಕಾಣುತ್ತದೆ, ನಾನಂತೂ ಬಳಸುವುದಿಲ್ಲ. ನಿಮಿಷಕ್ಕೆ 1 ಮಿ.ಲೀ.ಗೆ ಸಿರಿಂಜ್ ಪಂಪು ಚೆನ್ನ. ಅದೂ ಇಲ್ಲದಿದ್ದರೆ ಬಾಟಲಿಯನ್ನು ಒಂದೆರಡು ಅಡಿ ಮೇಲಿನ ಶೆಲ್ಫಿನಲ್ಲಿಡಿ, ಮನೆಯ ಓವರ್‌ಹೆಡ್ ಟ್ಯಾಂಕಿನ ಹಾಗೆ. ಅದಕ್ಕಿಂತ ನಯವಾದ ಹರಿವು ಯಾವ ಪಂಪೂ ಕೊಡುವುದಿಲ್ಲ. ಸೆಕೆಂಡಿಗೆ 1 ಮಿ.ಲೀ. ಬೇಕಾದಾಗ ಮಾತ್ರ ಆ ಉಪಾಯ ಕೈಕೊಡುತ್ತದೆ. ಕಾಲುವೆಯ ಒಂದು ಸೆಂಟಿಮೀಟರಿಗೇ 0.6 ಬಾರ್ ಒತ್ತಡ ಬೇಕು, ಅಂದರೆ ಬಾಟಲಿ ಎರಡನೇ ಮಹಡಿಯಲ್ಲಿರಬೇಕು. ಆಗ ನೈಟ್ರೋಜನ್ ಸಿಲಿಂಡರಿನ ಒತ್ತಡದಿಂದ ದ್ರಾವಣ ತಳ್ಳುವುದೇ ದಾರಿ. ಗಾಜಿನ ಬಾಟಲಿಗೆ ಒತ್ತಡ ಹಾಕಬೇಡಿ, ಲೋಹದ ಪಾತ್ರೆ ಬಳಸಿ.

ಜೆಟ್‌ಗಳು, ದೊಡ್ಡದು ಮತ್ತು ಚಿಕ್ಕದು

ದೊಡ್ಡ ಎಲೆಕ್ಟ್ರೋಡಿಗೆ ಚಿಕ್ಕ ಜೆಟ್ ಹೊಡೆಯುವ ವಾಲ್-ಜೆಟ್ ಸೆಲ್ ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸುವ ಯಂತ್ರ) ಡಿಟೆಕ್ಟರುಗಳಲ್ಲಿ ಸಿಗುತ್ತದೆ. ಸಾಂದ್ರತೆ ಅಳೆಯಲು ಒಳ್ಳೆಯದು. ವೇಗ ಅಳೆಯಲು ಬೇಡ. ಡಿಸ್ಕಿನ ನಡುವಿನಲ್ಲಿ ಒಂದು ಸಾಗಣೆ, ಅಂಚಿನಲ್ಲಿ ಇನ್ನೊಂದು. ಇಡೀ ಎಲೆಕ್ಟ್ರೋಡಿನ ಸರಾಸರಿ ಎಂ ಏನೂ ದೊಡ್ಡದಲ್ಲ.

ಮೈಕ್ರೋಜೆಟ್ ಇದರ ತಲೆಕೆಳಗು: ಜೆಟ್‌ಗಿಂತ ಎಲೆಕ್ಟ್ರೋಡೇ ಚಿಕ್ಕದು. ಜೂಲಿ ಮ್ಯಾಕ್‌ಫರ್ಸನ್, ಪ್ಯಾಟ್ರಿಕ್ ಅನ್ವಿನ್ ಮತ್ತು ಸಂಗಡಿಗರು ಇಂಗ್ಲೆಂಡಿನ ವಾರಿಕ್‌ನಲ್ಲಿ 1994ರ ಹೊತ್ತಿಗೆ ಇದನ್ನು ರೂಪಿಸಿದರು. ಅಂಗಳಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟರೆ ನೀರು ಹೇಗೆ ಚಿಮ್ಮುತ್ತದೆ? ಹಾಗೆ 100 ಮೈಕ್ರಾನಿನ ಗಾಜಿನ ಮೂತಿಯಿಂದ ಬರುವ ಧಾರೆಯ ನಟ್ಟನಡುವೆ 25 ಮೈಕ್ರಾನ್ ಡಿಸ್ಕ್ ಕೂರಿಸುತ್ತಾರೆ. ಸೆಕೆಂಡಿಗೆ 10 ಮೀಟರ್ ಧಾರೆಗೆ ಎಂ ಅರ್ಧದ ಆಸುಪಾಸು. ಅದೇ ಡಿಸ್ಕ್ ನಿಂತ ನೀರಿನಲ್ಲಿ ಕೊಡುವ 0.01ರ ಹತ್ತಿರ ಹತ್ತಿರ ಐವತ್ತು ಪಟ್ಟು. ಧಾರೆಯ ನಡುವಿನಲ್ಲಿ ಸಾಗಣೆ ಹೆಚ್ಚುಕಮ್ಮಿ ಸಮ, ಹಾಗಾಗಿ ಲೆಕ್ಕವೂ ಡಿಸ್ಕಿನಷ್ಟೇ ಸರಳ. ಕರೆಂಟು ನೂರಿನ್ನೂರು ನ್ಯಾನೋಆಂಪ್, 1 ಮೋಲಾರ್ ಉಪ್ಪಿನಲ್ಲಿ ಐಆರ್ ನಷ್ಟ ಅರ್ಧ ಮಿಲಿವೋಲ್ಟಿಗಿಂತ ಕಮ್ಮಿ. ದ್ರಾವಣ ನಿಮಿಷಕ್ಕೆ 5 ಮಿ.ಲೀ. ಸಾಕು. ಗುಂಡಿ ಬೇಕಾದಷ್ಟು ದೂರ ತಿರುಗುತ್ತದೆ.

ಕಾಗದದ ಮೇಲೆ ಇದೇ ಗೆಲ್ಲಬೇಕು. ಬೆಂಚಿನ ಮೇಲೆ ಮಾತ್ರ ಕಷ್ಟ. ಮೂತಿಯನ್ನು ಡಿಸ್ಕಿನ ನೆತ್ತಿಗೆ ತರಬೇಕು, ಹತ್ತು ಮೈಕ್ರಾನ್ ತಪ್ಪಿದರೂ ಎಂ ಬದಲಾಗುತ್ತದೆ. ಮೂರು ದಿಕ್ಕಿನಲ್ಲಿ ಸರಿಸುವ ಮೈಕ್ರೋಮೀಟರ್ ಸ್ಟೇಜ್ ಬೇಕು. ಕಂಪನ ಇಲ್ಲದ ಮೇಜು, ಸಹನೆ ಇರುವ ಮನುಷ್ಯ ಬೇಕು. ಮಿತಿ ಕರೆಂಟು ಅತಿ ಹೆಚ್ಚು ಬರುವ ಜಾಗ ಹುಡುಕುತ್ತಾ ಒಂದು ಬೆಳಗ್ಗೆ ಹೋಗುತ್ತದೆ.

ಕೊನೆಗೆ ಟರ್ಬ್ಯುಲೆಂಟ್ ಪೈಪು. ಶಿಸ್ತು ಬಿಟ್ಟು ದ್ರಾವಣ ಕುದಿಯುವ ಹಾಗೆ ಹರಿಸಿದರೆ ಪೈಪಿನ ಗೋಡೆಯಲ್ಲಿರುವ ಸಣ್ಣ ಉಂಗುರಕ್ಕೆ ದೊಡ್ಡ ಎಂ ಸಿಗುತ್ತದೆ. ಜರ್ಮನಿಯಲ್ಲಿ 1970–80ರ ದಶಕಗಳಲ್ಲಿ ಇದರಿಂದ ಒಳ್ಳೆಯ ಕೆಲಸ ಆಗಿದೆ. ಆದರೆ ಲೀಟರುಗಟ್ಟಲೆ ದ್ರಾವಣ ಸುತ್ತಿಸಬೇಕು. ರುಥೇನಿಯಂ ಉಪ್ಪಿನ ಬೆಲೆ ನೋಡಿದವರು ಈ ದಾರಿ ಹಿಡಿಯುವುದಿಲ್ಲ.

ಹಾಗಾದರೆ ಯಾವುದು?

ಕೆ-ನಾಟ್ 0.03ರ ಕೆಳಗಿದೆ ಅನ್ನಿಸಿದರೆ ಕಣ್ಣುಮುಚ್ಚಿ ಡಿಸ್ಕ್. ಕಬ್ಬಿಣದ ಜೋಡಿ, ಫ್ಲೋ ಬ್ಯಾಟರಿಯ ವನಾಡಿಯಂ ಜೋಡಿ, ಕಾರ್ಬನ್ ಮೇಲಿನ ಫೆರಿಸಯನೈಡ್, ಎಲ್ಲ ಇದರಲ್ಲೇ ಆಗುತ್ತವೆ. ದೊಡ್ಡ ಎಂ ಇರುವ ಸಾಧನಕ್ಕೆ ಹೋಗಿ ಕಷ್ಟಪಡುವುದರಲ್ಲಿ ಅರ್ಥ ಇಲ್ಲ. 5 ಮಿ.ಮೀ. ಬದಲು 3 ಮಿ.ಮೀ. ಡಿಸ್ಕ್ ಹಾಕಿ, ಉಪ್ಪು ಜಾಸ್ತಿ ಹಾಕಿ, ವಸ್ತು ಕಮ್ಮಿ ಹಾಕಿ.

0.03ರಿಂದ 1ರ ನಡುವೆ ಇದ್ದರೆ ಚಾನಲ್. ಈ ನಡುವಿನ ಪ್ರದೇಶದಲ್ಲಿ ಡಿಸ್ಕ್ ಸುಳ್ಳು ಹೇಳತೊಡಗುತ್ತದೆ, ಅದೂ ತುಂಬಾ ನಂಬುವ ಹಾಗೆ. ಸಿರಿಂಜ್ ಪಂಪಿನಲ್ಲಿ ಶುರು ಮಾಡಿ. ಗೆರೆಯ ಅಗಲ 60 ಮಿಲಿವೋಲ್ಟ್ ದಾಟದಿದ್ದರೆ ಆಮೇಲೆ ಒತ್ತಡದ ವ್ಯವಸ್ಥೆ ಕಟ್ಟಿ.

1 ದಾಟಿದರೆ ಮೈಕ್ರೋಜೆಟ್, ಅಥವಾ ಹೈಸ್ಪೀಡ್ ಚಾನಲ್. ಇವೆರಡರಲ್ಲಿ ನಿಮ್ಮ ವರ್ಕ್‌ಶಾಪಿನವರು ಯಾವುದನ್ನು ಚೆನ್ನಾಗಿ ಮಾಡಬಲ್ಲರೋ ಅದು. ಚಾನಲ್‌ಗೆ ಒಳ್ಳೆಯ ಮಿಲ್ಲಿಂಗ್ ಬೇಕು, ಜೆಟ್‌ಗೆ ಒಳ್ಳೆಯ ಗಾಜಿನ ಕೆಲಸ ಬೇಕು. 5 ದಾಟಿದರೆ ಹರಿವಿನ ಕೈಗೂ ಎಟುಕುವುದು ಕಷ್ಟ. ಆಗ ನ್ಯಾನೋ ಎಲೆಕ್ಟ್ರೋಡಿನವರ ಬಾಗಿಲು ತಟ್ಟಿ, ಆದರೆ ಆಕಾರವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಯಾವುದೇ ಆರಿಸಿ, ಹರಿವು ಬರೀ ನಿಮ್ಮ ವಸ್ತುವನ್ನು ತರುವುದಿಲ್ಲ, ಕೊಳೆಯನ್ನೂ ಅಷ್ಟೇ ವೇಗವಾಗಿ ತರುತ್ತದೆ. ಪ್ಲಾಟಿನಂ ಮೇಲೆ ಫೆರೋಸಯನೈಡ್ ಕೆಲವೇ ನಿಮಿಷಗಳಲ್ಲಿ ಮಂಕಾಗುವುದು ನೋಡಿದವರಿಗೆ ಇದು ಗೊತ್ತು. ಸ್ಕ್ಯಾನಿಗೂ ಸ್ಕ್ಯಾನಿಗೂ ನಡುವೆ ಪಾಲಿಶ್ ಮಾಡಿ, ಕೊನೆಯ ಸುತ್ತು 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ. ಹರಿವಿನ ವೇಗಗಳನ್ನು ಏರುವ ಕ್ರಮದಲ್ಲಿ ಹಾಕಬೇಡಿ, ಕಲಸಿ ಹಾಕಿ. ಮೊದಲ ವೇಗಕ್ಕೆ ಕೊನೆಯಲ್ಲಿ ಮತ್ತೆ ಬನ್ನಿ. ಅದೇ ಸಂಖ್ಯೆ ಬಂದರೆ ಮೇಲ್ಮೈ ಬದುಕಿದೆ ಅಂತ ಲೆಕ್ಕ. ರುಥೇನಿಯಂ ಜೋಡಿಯಾದರೆ ಆಮ್ಲಜನಕ ಓಡಿಸಲೇಬೇಕು. ಬಾಟಲಿಯಲ್ಲಿ ಆರ್ಗಾನ್ ಹಾಯಿಸಿ, ಅಲ್ಲಿಂದ ಸೆಲ್ಲಿನ ತನಕ ಸಿಲಿಕೋನ್ ಟ್ಯೂಬ್ ಹಾಕಿದರೆ ದಾರಿಯುದ್ದಕ್ಕೂ ಗಾಳಿ ಒಳಗೆ ನುಸುಳುತ್ತದೆ. ಸ್ಟೀಲ್ ಟ್ಯೂಬ್ ಹಾಕಿ.

ದ್ರಾವಣದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. 500 ಮಿಲಿವೋಲ್ಟ್ ಅಗಲದ ಸ್ಕ್ಯಾನ್, ಸೆಕೆಂಡಿಗೆ 20 ಮಿಲಿವೋಲ್ಟ್, ಅಂದರೆ 25 ಸೆಕೆಂಡು. ಚಾನಲ್‌ನಲ್ಲಿ ಸೆಕೆಂಡಿಗೆ 1 ಮಿ.ಲೀ. ಹರಿದರೆ ಒಂದು ಗೆರೆಗೆ 25 ಮಿ.ಲೀ. ಐದು ವೇಗ, ಮೂರು ಸಲ, ಎರಡು ಸಾಂದ್ರತೆ. ವೇಗ ಕಮ್ಮಿಯಾದ ಕಡೆ ಖರ್ಚೂ ಕಮ್ಮಿ, ಆದರೂ ಅರ್ಧ ಲೀಟರಿನಷ್ಟು ಒಣ ಅಸಿಟೋನೈಟ್ರೈಲ್, ಅದರೊಳಗೆ ದುಬಾರಿ ಉಪ್ಪು. ಸೆಲ್ಲಿನ ಹೊರಬಾಯಿಯ ಕೆಳಗೆ ಒಂದು ಸ್ವಚ್ಛ ಬಾಟಲಿ ಇಡಿ. ಪಟ್ಟಿ ಉಣ್ಣುವುದು ಹಾದುಹೋಗುವ ವಸ್ತುವಿನ ಒಂದು ಚೂರು ಮಾತ್ರ, ಉಳಿದದ್ದನ್ನು ಡಿಸ್ಕಿನ ಪ್ರಯೋಗಕ್ಕೆ ಬಳಸಬಹುದು.